ಹುಲ್ಲಿನ ಲಾರಿಯಲ್ಲಿ ಬಾವಲಿಗೆ

ಮೈಸೂರಿನಿಂದ ಮಡಿಕೇರಿಗೋ ಮಾನಂದವಾಡಿಗೋ ಡಿಸೆಂಬರ್, ಜನವರಿ ತಿಂಗಳಲ್ಲಿ ನೀವು ಪ್ರಯಾಣ ಮಾಡಿದ್ದರೆ ನಿಮ್ಮ ಬಸ್ಸಿನ ಮುಂದೆ ಒಂದಾದರೂ ಹುಲ್ಲಿನ ಲಾರಿ ಸಿಕ್ಕಿಯೇ ಇರುತ್ತದೆ. ಹಿಂದಿನಿಂದ ನೋಡಿದರೆ ಲಾರಿ ಕಾಣುವುದೇ ಇಲ್ಲ. ಮನೆಯಷ್ಟು ದೊಡ್ಡ ಮೆದೆಯೊಂದು ತಾನಾಗಿ ರಸ್ತೆಯಲ್ಲಿ ತೂಗಾಡುತ್ತಾ ಹೋಗುತ್ತಿರುವಂತೆ ತೋರುತ್ತದೆ. ಎರಡೂ ಬದಿಗೆ ಚಾಚಿದ ಹುಲ್ಲು ಮರದ ಕೊಂಬೆಗಳಿಗೆ ತಾಗಿ ಉದುರುತ್ತಿರುತ್ತದೆ. ಅದನ್ನು ದಾಟಿ ಮುಂದೆ ಹೋಗಲಾಗದೆ ಹಿಂದೆ ಸಾಲುಗಟ್ಟಿದ ವಾಹನಗಳವರು ಹಾರನ್ ಹೊಡೆದು ಬಯ್ಯುತ್ತಿರುತ್ತಾರೆ. ನಿಜ ಹೇಳಬೇಕೆಂದರೆ ನಾನೂ ಬೈದಿದ್ದೇನೆ, ನನ್ನ ಸೋದರಮಾವನೇ ಅಂತಹ ಲಾರಿಯ ಡ್ರೈವರ್ ಆಗಿದ್ದರೂ!

ಒಂದು ಜನವರಿಯಲ್ಲಿ ಆ ಲಾರಿಯೊಳಗೆ ಕುಳಿತು ಹೋಗುವ ಸಂದರ್ಭ ಬಂತು. ಮುಮಾನಿಯ ತಂಗಿಯನ್ನು ಮಾನಂದವಾಡಿಗೆ ಮದುವೆ ಮಾಡಿ ಕೊಟ್ಟಿದ್ದಾರೆ. ಆಕೆಗೆ ಹೆರಿಗೆಯಾಗಿತ್ತು. ಮಾಮು ಕೆ.ಆರ್. ನಗರದಿಂದ ಅದೇ ಊರಿಗೆ ಹುಲ್ಲು ತುಂಬುವವರಿದ್ದರು. ಬಸ್ಸಿನಲ್ಲಿ ಹೋಗಬಹುದಿತ್ತು. ಆದರೆ ಲಾರಿಯಲ್ಲೇ ಹೋಗೋಣವೆಂದು ಹಟ ಹಿಡಿದವಳು ನಾನು. "ಚಳಿ ತಡೀತೀಯಾ ಬೇಟಿ?" ಎಂದು ಮಾಮು ಎರಡು ಸಲ ಕೇಳಿದರು. ಮುಮಾನಿ ಮಾತಾಡಲಿಲ್ಲ. ಒಂದು ಹೆಚ್ಚುವರಿ ಶಾಲನ್ನು ಚೀಲಕ್ಕೆ ತುರುಕಿದರು, ಅಷ್ಟೆ.

ಕೆ.ಆರ್. ನಗರದ ಹಳೆಯ ಹೆಸರು ಎಡತೊರೆ. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಆಮೇಲೆ ಇಡಲಾಯಿತು. ಕಾವೇರಿ ಇಲ್ಲಿ ಹರಿಯುತ್ತಾಳೆ, ಚುಂಚನಕಟ್ಟೆಯಲ್ಲಿ ಧುಮುಕುತ್ತಾಳೆ. ಹಳೆಯ ಅಣೆಕಟ್ಟೆಗಳ ನಾಲೆಗಳು ಊರೂರಿಗೂ ನೀರು ಕೊಟ್ಟಿರುವುದರಿಂದ ಮೈಸೂರು ಜಿಲ್ಲೆಯ ಭತ್ತದ ಕಣಜವೆಂದೇ ಈ ಕಡೆಗೆ ಹೆಸರು. ಕೊಯ್ಲು ಮುಗಿಯುವುದಕ್ಕೂ ಚಳಿ ಬಲಿಯುವುದಕ್ಕೂ ಸರಿಹೋಗುತ್ತದೆ. ಅಕ್ಕಿ ಗಿರಣಿಗೆ ಹೋಗುತ್ತದೆ. ಉಳಿದ ಹುಲ್ಲು? ಮನೆಯ ದನಕ್ಕೆ ಬೇಕಾದಷ್ಟನ್ನು ಮೆದೆ ಒಟ್ಟಿ ಮಿಕ್ಕಿದ್ದನ್ನು ರೈತರು ಮಾರುತ್ತಾರೆ. ಕೊಳ್ಳುವವರು ಕೇರಳದವರು. ಒಂದು ಕಾಲದಲ್ಲಿ, 1970ರ ದಶಕದ ನಡುವಿನಲ್ಲಿ, ಕೇರಳದಲ್ಲಿ ಸುಮಾರು 8.8 ಲಕ್ಷ ಹೆಕ್ಟೇರಿನಲ್ಲಿ ಭತ್ತ ಬೆಳೆಯುತ್ತಿದ್ದರು. ಈಗ ಅದು 2 ಲಕ್ಷ ಹೆಕ್ಟೇರಿನ ಆಸುಪಾಸಿಗೆ ಇಳಿದಿದೆ. ಗದ್ದೆ ಹೋದರೂ ಹಸು ಉಳಿದಿದೆ. ವಯನಾಡಿನ ಎಷ್ಟೋ ಮನೆಗಳು ಎರಡು ಮೂರು ಹಸುಗಳ ಹಾಲಿನ ಮೇಲೆ ನಡೆಯುತ್ತವೆ. ಆ ಹಸುಗಳ ಬಾಯಿಗೆ ಹುಲ್ಲು ಬೀಳಬೇಕಾದರೆ ನಮ್ಮ ಕಡೆಯ ಲಾರಿ ಕಾಡು ದಾಟಬೇಕು. 2023ರ ಬರದಲ್ಲಿ ಮೇವು ಹೊರರಾಜ್ಯಕ್ಕೆ ಹೋಗದಂತೆ ತಡೆದಾಗ ಇಲ್ಲಿನ ಲಾರಿಗಳು ಮನೆಮುಂದೆ ನಿಂತವು, ಅಲ್ಲಿನ ಹಾಲಿನವರು ತಲೆಯ ಮೇಲೆ ಕೈ ಹೊತ್ತರು. ಬರಗಾಲದಲ್ಲಿ ನಮ್ಮ ದನಕ್ಕೆ ಮೊದಲು ಎನ್ನುವುದೂ ನ್ಯಾಯವೇ. ಆದರೆ ಆ ವರ್ಷ ಮಾಮುವಿನ ಮನೆಯಲ್ಲಿ ಕಂತು ಕಟ್ಟಲು ಮುಮಾನಿಯ ಬಳೆ ಅಡವಿಗೆ ಹೋಯಿತು.

ಹುಲ್ಲು ತುಂಬುವುದನ್ನು ಹಿಂದಿನ ದಿನವೇ ಮಿರ್ಲೆಯ ಹತ್ತಿರದ ಒಂದು ಕಣದಲ್ಲಿ ನೋಡಿದೆ. ಯಂತ್ರದಿಂದ ಕೊಯ್ದ ಹುಲ್ಲು ತುಂಡಾಗುತ್ತದೆ, ಅದನ್ನು ಇನ್ನೊಂದು ಯಂತ್ರ ಸುತ್ತಿ ಉಂಡೆ ಮಾಡುತ್ತದೆ. ಕೈಯಿಂದ ಕೊಯ್ದು ಬಡಿದ ಉದ್ದ ಹುಲ್ಲಿಗೆ ಈಗಲೂ ಬೆಲೆ ಹೆಚ್ಚು. ನಾವು ಹೋದಾಗ ಆ ಮನೆಯ ಹೆಂಗಸರು ಕಂತೆ ಕಟ್ಟುತ್ತಿದ್ದರು. ನಾಲ್ಕು ಎಳೆ ಹುಲ್ಲನ್ನೇ ಹುರಿ ಮಾಡಿ ಒಂದು ಸುತ್ತು, ಒಂದು ತಿರುವು, ಮುಗಿಯಿತು. ಮನೆಯಾಕೆ ಮಾಮುವನ್ನು ನೋಡಿ, "ಸಾಬ್ರೇ, ಹೋದ್ ವರ್ಸಕ್ಕಿಂತ ಈ ಸಲ ಹುಲ್ಲು ಚೆನ್ನಾಗದೆ, ರೇಟು ಮಾತ್ರ ನೀವು ಹಳೇದೇ ಹೇಳ್ತೀರಿ" ಎಂದು ಜಗಳಕ್ಕೇ ನಿಂತರು. ಕೊನೆಗೆ ಇಬ್ಬರೂ ನಕ್ಕು ಕಾಫಿ ಕುಡಿದರು.

ಲಾರಿಗೆ ಹುಲ್ಲು ಒಟ್ಟುವುದೆಂದರೆ ಗೋಡೆ ಕಟ್ಟಿದ ಹಾಗೆ. ಮೊದಲು ಮೂಲೆಗಳು. ಒಂದು ಸಾಲು ಅಡ್ಡ, ಅದರ ಮೇಲಿನದು ಉದ್ದ. ಲಾರಿಯ ಪೆಟ್ಟಿಗೆ ತುಂಬಿದ ಮೇಲೆ ಬಿದಿರಿನ ಗಳಗಳನ್ನು ಹೊರಕ್ಕೆ ಚಾಚಿ ಅದರ ಮೇಲೂ ಹೊರೆ ಏರಿಸುತ್ತಾರೆ. ಆಮೇಲೆ ಹಗ್ಗ. ಮೇಲೆ ನಿಂತವನು ತುಳಿಯುತ್ತಾನೆ, ಕೆಳಗಿನ ಇಬ್ಬರು ಎಳೆದು ಬಿಗಿಯುತ್ತಾರೆ. ಎಷ್ಟೇ ಬಿಗಿದರೂ ಹತ್ತು ಕಿಲೋಮೀಟರ್ ಕುಲುಕಾಡಿದರೆ ಹುಲ್ಲು ಕುಸಿದು ಹಗ್ಗ ಸಡಿಲವಾಗುತ್ತದೆ. ನಿಲ್ಲಿಸಿ ಮತ್ತೆ ಬಿಗಿಯಬೇಕು. "ಹುಲ್ಲು ಹಗುರ ಅಂತ ತಿಳ್ಕೋಬೇಡ" ಎಂದರು ಮಾಮು. "ಕಬ್ಬು ತುಂಬಿದರೆ ಲಾರಿ ನೆಲಕ್ಕೆ ಒತ್ತುತ್ತೆ. ಹುಲ್ಲು ತುಂಬಿದರೆ ಗಾಳಿಗೆ ಗೋಡೆ ನಿಲ್ಲಿಸಿದ ಹಾಗೆ. ಕೆರೆ ಏರಿ ಮೇಲೆ ಅಡ್ಡಗಾಳಿ ಬಂದರೆ ಸ್ಟೇರಿಂಗ್ ಕೈಯಲ್ಲಿರೋದಿಲ್ಲ."

ಇದು ಕಾನೂನಿಗೆ ಸರಿಯೇ ಎಂದು ನೀವು ಕೇಳಬಹುದು. ಸರಿಯಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ವಾಹನದ ಅಗಲ 2.6 ಮೀಟರ್ ಮೀರಬಾರದು. 2019ರಲ್ಲಿ ಕಾಯ್ದೆಗೆ ತಿದ್ದುಪಡಿಯಾದಾಗ, ಹೊರೆ ಪೆಟ್ಟಿಗೆಯಿಂದ ಪಕ್ಕಕ್ಕೋ ಹಿಂದಕ್ಕೋ ಮಿತಿ ಮೀರಿ ಎತ್ತರಕ್ಕೋ ಚಾಚಿದರೆ 20,000 ರೂಪಾಯಿ ದಂಡವೆಂದು ಬರೆಯಲಾಯಿತು. ಮಾಮು ಇದನ್ನು ಅಲ್ಲಗಳೆಯುವುದಿಲ್ಲ. ಆದರೆ ಅವರ ಲೆಕ್ಕ ಬೇರೆ. ಬಾಡಿಗೆ ಸಿಗುವುದು ಕಂತೆಯ ಎಣಿಕೆಗೆ. ಪೆಟ್ಟಿಗೆಯ ಮಟ್ಟಕ್ಕೇ ತುಂಬಿದರೆ ಡೀಸೆಲ್ ಕಾಸೂ ಹುಟ್ಟುವುದಿಲ್ಲ. ಮಾಮು ಮಾಡುವುದು ಸರಿ ಎಂದು ನಾನು ಹೇಳಲಾರೆ. ಅವರೊಬ್ಬರಿಗೇ ಬೈದರೆ ಸಾಕು ಎಂದೂ ಹೇಳಲಾರೆ. ಕಡಿಮೆ ತುಂಬು ಎನ್ನುವವರು ಹೆಚ್ಚು ಬಾಡಿಗೆ ಕೊಡುವುದಿಲ್ಲವಲ್ಲ.

ಹೊರಟಿದ್ದು ಬೆಳಗಿನ ನಾಲ್ಕೂವರೆಗೆ. ಕ್ಯಾಬಿನ್ನಿನಲ್ಲಿ ಮಾಮು, ಮುಮಾನಿ, ನಾನು. ಹಿಂದಿನ ಹಲಗೆಯ ಮೇಲೆ ಮಂಕಿ ಟೋಪಿ ಹಾಕಿಕೊಂಡ ಕ್ಲೀನರ್ ಹುಡುಗ. ಆ ಲಾರಿಯ ಬಾಗಿಲು ಎಷ್ಟು ಎಳೆದರೂ ಪೂರ್ತಿ ಮುಚ್ಚುವುದಿಲ್ಲ. ಸಂದಿಯಿಂದ ಬರುವ ಗಾಳಿ ಮೊಣಕಾಲಿಗೆ ಚಾಕು ಹಾಕಿದಂತಿತ್ತು. ಹಿಮ ಬೀಳುವ ದೇಶದವರು ನಮ್ಮ ಚಳಿಯನ್ನು ನೋಡಿ ನಗಬಹುದು. ಆದರೆ ನಮ್ಮ ಚಳಿಗೆ ನಮ್ಮ ಲಾರಿಗಳು ತಯಾರಾಗಿಲ್ಲ. ಅಲ್ಲಿ ಕ್ಯಾಬಿನ್ನಿಗೆ ಬಿಸಿಗಾಳಿಯ ಯಂತ್ರವಿರುತ್ತದೆ, ಇಲ್ಲಿ ಮುಮಾನಿಯ ಫ್ಲಾಸ್ಕ್ ಇರುತ್ತದೆ.

ಚಳಿಗಿಂತ ಕೆಟ್ಟದ್ದು ಮಂಜು. ಮೋಡವಿಲ್ಲದ ರಾತ್ರಿ ನೆಲ ಬೇಗ ತಣಿಯುತ್ತದೆ. ನಾಲೆ, ಕೆರೆ, ಇನ್ನೂ ತೇವ ಆರದ ಗದ್ದೆಗಳ ಮೇಲಿನ ಹಸಿ ಗಾಳಿ ಆ ತಣ್ಣನೆಯ ನೆಲಕ್ಕೆ ತಾಗಿ ಹನಿಹನಿಯಾಗಿ ನಿಲ್ಲುತ್ತದೆ. ಹಾಗಾಗಿ ದಿಬ್ಬದ ಮೇಲೆ ರಸ್ತೆ ಸ್ವಚ್ಛವಾಗಿರುತ್ತದೆ, ತಗ್ಗಿಗೆ ಇಳಿದ ಕೂಡಲೇ ಹಾಲಿನ ಪಾತ್ರೆಯೊಳಗೆ ಬಿದ್ದಂತಾಗುತ್ತದೆ. ಮಾಮು ದೊಡ್ಡ ಬೆಳಕು ಹಾಕಲಿಲ್ಲ. ಹಾಕಿದರೆ ಮಂಜಿಗೆ ಬಡಿದು ಕಣ್ಣಿಗೇ ಹಿಂದಿರುಗುತ್ತದೆಯಂತೆ. ಸಣ್ಣ ಬೆಳಕಿನಲ್ಲಿ, ಎಡಗಡೆಯ ರಸ್ತೆಯ ಅಂಚನ್ನೇ ನೋಡಿಕೊಂಡು, ಕಿಟಕಿಯಿಂದ ತಲೆ ಹೊರಹಾಕಿ ಓಡಿಸುತ್ತಿದ್ದರು. ಅವರ ಮೀಸೆಯ ಮೇಲೆ ನೀರಿನ ಹನಿ. ಮೇಲಿನ ಹುಲ್ಲೂ ಇದೇ ನೀರನ್ನು ಕುಡಿಯುತ್ತದೆ. ಸಂಜೆ ತುಂಬಿದ ಹೊರೆ ಬೆಳಿಗ್ಗೆಗೆ ಭಾರವಾಗಿರುತ್ತದೆ, ಅದೂ ಮೇಲುಗಡೆಯೇ.

ಹುಣಸೂರು ಇನ್ನೂ ಹತ್ತು ಕಿಲೋಮೀಟರ್ ಇರುವಾಗ ಮಾಮು ಇದ್ದಕ್ಕಿದ್ದಂತೆ ಬ್ರೇಕ್ ಒತ್ತಿದರು. ಮುಂದೆ ಏನೂ ಇರಲಿಲ್ಲ, ಹಾಗೆಂದು ನಾನು ಅಂದುಕೊಂಡೆ. ಆಮೇಲೆ ಕಂಡಿತು. ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರೈಲರ್, ಚಕ್ರ ಕಳಚಿ ಅರ್ಧ ರಸ್ತೆಯಲ್ಲೇ ನಿಂತಿತ್ತು. ದೀಪವಿಲ್ಲ. ಇದ್ದರೂ ಕಬ್ಬಿನ ಜಲ್ಲೆಗಳು ಅದನ್ನು ಮುಚ್ಚಿಬಿಡುತ್ತಿದ್ದವು. ಹಿಂದೆ ಎರಡು ಕಲ್ಲು, ಒಂದು ಹೊಂಗೆ ಕೊಂಬೆ. ನಮಗೂ ಅದಕ್ಕೂ ನಡುವೆ ಉಳಿದಿದ್ದು ಒಂದು ಕೋಣೆಯಷ್ಟು ಜಾಗ.

ಟ್ರ್ಯಾಕ್ಟರಿನ ಹುಡುಗ ಚಳಿಗೆ ನಡುಗುತ್ತಾ ಟ್ರೈಲರಿನ ಮರೆಯಲ್ಲಿ ಕುಳಿತಿದ್ದ. ಇಪ್ಪತ್ತೂ ತುಂಬಿರಲಿಕ್ಕಿಲ್ಲ. ಮಾಮು ಬಯ್ಯುತ್ತಾರೆಂದು ಕಾದೆ. ಅವರು ಬಯ್ಯಲಿಲ್ಲ. "ಮುಮಾನಿಯ ಚೀಲ ಕೊಡು" ಎಂದರು. ಅದರಲ್ಲಿ ಮಡಚಿಟ್ಟ ಕೆಂಪು ಬಟ್ಟೆಗಳಿದ್ದವು, ಹೊಳೆಯುವ ಕೆಂಪು ಪಟ್ಟಿ ಹೊಲಿದದ್ದು. ಹಿಂದಕ್ಕೆ ಚಾಚಿದ ಹೊರೆಗೆ ಹಗಲು ಕೆಂಪು ಬಾವುಟ, ರಾತ್ರಿ ಕೆಂಪು ದೀಪ ಕಟ್ಟಬೇಕೆಂಬ ನಿಯಮ ಹಳೆಯದು. ಮುಮಾನಿ ಬಹಳ ವರ್ಷಗಳಿಂದ ತಮ್ಮ ಹಳೆಯ ಕೆಂಪು ಸೀರೆಯನ್ನು ಹರಿದು, ಪೇಟೆಯಿಂದ ಮೀಟರ್ ಲೆಕ್ಕದಲ್ಲಿ ತಂದ ರೇಡಿಯಂ ಪಟ್ಟಿಯನ್ನು ಹೊಲಿಗೆ ಯಂತ್ರದಲ್ಲಿ ಅದಕ್ಕೆ ಹೊಲಿದು ಕೊಡುತ್ತಾರೆ. ಪ್ರತಿ ಟ್ರಿಪ್ಪಿಗೆ ನಾಲ್ಕು. ಒಂದನ್ನು ಆ ಹುಡುಗನ ಕಬ್ಬಿಗೆ ಕಟ್ಟಿ, ಒಂದು ಲೋಟ ಚಹಾ ಕೊಟ್ಟು ಮುಂದೆ ಹೊರಟೆವು. ಬಹಳ ಹೊತ್ತು ಕ್ಯಾಬಿನ್ನಿನಲ್ಲಿ ಯಾರೂ ಮಾತಾಡಲಿಲ್ಲ.

ಸಹೋದರಿ, ನಿಮ್ಮ ಮಗನೋ ತಮ್ಮನೋ ಚಳಿಗಾಲದಲ್ಲಿ ಬೆಳಗಾಗುವ ಮೊದಲು ಬೈಕಿನಲ್ಲಿ ಹೊರಡುವವನಾಗಿದ್ದರೆ ಈ ಒಂದು ಮಾತನ್ನು ಹೇಳಿಡಿ. ಮಂಜಿನಲ್ಲಿ ಮುಂದೆ ಕೆಂಪು ದೀಪ ಕಾಣುವುದಿಲ್ಲವೆಂದರೆ ಮುಂದೆ ವಾಹನವಿಲ್ಲ ಎಂದರ್ಥವಲ್ಲ. ಕಬ್ಬಿನ ಹೊರೆಯೋ ಹುಲ್ಲಿನ ಹೊರೆಯೋ ದೀಪವನ್ನು ನುಂಗಿರಬಹುದು.

ಹುಣಸೂರಿಗೆ ಬಂದಾಗ ಲಕ್ಷ್ಮಣತೀರ್ಥದ ಸೇತುವೆ ಮಂಜಿನಲ್ಲಿ ಅರ್ಧ ಮಾತ್ರ ಕಾಣುತ್ತಿತ್ತು. ಓಟ್ಲಿನಲ್ಲಿ ಬಿಸಿ ಇಡ್ಲಿ ತಿಂದೆವು. ಹುಣಸೂರು ಎಂದರೆ ನನಗೆ ಅಜ್ಜಿಯ ಮನೆ. ಆದರೆ ಭಾರ ಎಳೆಯುವ ಕೆಲಸದಲ್ಲಿ ಈ ಊರಿಗೆ ಲಾರಿಗಿಂತ ಬಹಳ ಹಿಂದಿನ ಚರಿತ್ರೆ ಇದೆಯೆಂದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ಮೈಸೂರು ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎಂದಿದ್ದ ಅರಮನೆಯ ದನಗಳ ಹಿಂಡಿಗೆ 'ಅಮೃತ ಮಹಲ್' ಎಂದು ಹೆಸರಿಟ್ಟವರು ಟಿಪ್ಪು ಸುಲ್ತಾನ್. ಆ ತಳಿಯ ಎತ್ತುಗಳು ತೋಪುಗಾಡಿಗಳನ್ನು ಎಳೆಯುತ್ತಿದ್ದವು. 1781ರಲ್ಲಿ ಚಿದಂಬರದ ನೆರವಿಗಾಗಿ ಹೈದರಾಲಿಯ ಸೈನ್ಯ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದ ಎಂದು ಮೈಸೂರು ಗೆಜೆಟಿಯರ್ ಬರೆಯುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಬ್ರಿಟಿಷರ ಪಾಲಾಯಿತು. ಮುಂದೆ ಬಹುಕಾಲ ಅದರ ಕೇಂದ್ರ ಇದೇ ಹುಣಸೂರು. ಸೈನ್ಯಕ್ಕೆ ಬೇಕಾದ ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಕೆಲಸದ ಅಂಗಳ ಎಲ್ಲವೂ ಇಲ್ಲಿದ್ದವು. ಅವು ಮುಚ್ಚಿದರೂ ಕೈಕೆಲಸ ಉಳಿಯಿತು. ಹುಣಸೂರಿನ ಗಾಡಿಗಳಿಗೆ ಆ ಕಾಲದಲ್ಲಿ ಒಳ್ಳೆಯ ಹೆಸರಿತ್ತು. ಅಮೃತ ಮಹಲ್ ತಳಿಯನ್ನು ಇಂದು ಕಾಪಾಡುತ್ತಿರುವುದು ದೂರದ ಅಜ್ಜಂಪುರದಲ್ಲಿ. ಹುಣಸೂರಿನಲ್ಲಿ ಉಳಿದದ್ದು ಮರದ ಡಿಪೋ, ಲಾರಿ, ಮತ್ತು ಲಾರಿಯನ್ನು ನಂಬಿದ ಮನೆಗಳು.

ಇಲ್ಲಿಂದ ದಾರಿ ಕವಲೊಡೆಯುತ್ತದೆ. ನೇರ ಹೋದರೆ ಪಿರಿಯಾಪಟ್ಟಣ, ಬೈಲಕುಪ್ಪೆ. ಚಳಿಗಾಲವೆಂದರೆ ಪಿರಿಯಾಪಟ್ಟಣದವರಿಗೆ ಹೊಗೆಸೊಪ್ಪಿನ ಹರಾಜಿನ ಕಾಲವೂ ಹೌದು. ಹದ ಮಾಡಿದ ಸೊಪ್ಪಿನ ಬೇಲುಗಳನ್ನು ಹೊತ್ತ ವಾಹನಗಳು ಹರಾಜು ಕೇಂದ್ರದ ಮುಂದೆ ಸಾಲು ನಿಲ್ಲುತ್ತವೆ. ಬೈಲಕುಪ್ಪೆಯ ಟಿಬೆಟನ್ನರು ಮಾತ್ರ ಆಗ ಊರಲ್ಲಿ ಕಡಿಮೆ, ಸ್ವೆಟರ್ ಮಾರಲು ಊರೂರು ಹೋಗಿರುತ್ತಾರೆ. ಪಂಚವಳ್ಳಿ, ಆನೆಚೌಕೂರು, ತಿತಿಮತಿಯ ಮೇಲೆ ಗೋಣಿಕೊಪ್ಪ ಸೇರಿ ಕುಟ್ಟದಿಂದ ಕೇರಳಕ್ಕೆ ಇಳಿಯುವ ದಾರಿಯೂ ಇದೆ. ಆದರೆ ಕೊಡಗಿನ ತೋಟಗಳ ನಡುವೆ ಮರದ ಕೊಂಬೆ, ಕರೆಂಟ್ ತಂತಿ ಎಲ್ಲವೂ ತಗ್ಗಿನಲ್ಲಿ. ಮಾಮು ತಂತಿಗೆ ಹೆದರುತ್ತಾರೆ.

ಹೆದರದೆ ಇರುವುದು ಹೇಗೆ? 2022ರ ಜನವರಿ ಕೊನೆಯಲ್ಲಿ ವಯನಾಡಿನಿಂದ ಇಳಿದ ಹುಲ್ಲಿನ ಲಾರಿಯೊಂದು ಕೋಯಿಕ್ಕೋಡ್ ಜಿಲ್ಲೆಯ ಕೋಡಂಚೇರಿಯಲ್ಲಿ ಹೊತ್ತಿಕೊಂಡಿತು. ತಂತಿ ತಾಗಿರಬೇಕೆಂದು ಊಹಿಸಿದರು. ಡ್ರೈವರ್ ಇಳಿದು ಓಡಿದ. ಆ ಊರಿನ ಒಬ್ಬರು ಹತ್ತಿ, ಉರಿಯುವ ಲಾರಿಯನ್ನು ಪೇಟೆಯಿಂದ ಶಾಲೆಯ ಮೈದಾನಕ್ಕೆ ಓಡಿಸಿ, ಅಂಕುಡೊಂಕಾಗಿ ತಿರುಗಿಸುತ್ತಾ ಬೆಂಕಿ ಹತ್ತಿದ ಹುಲ್ಲನ್ನು ಕೆಡವಿದರು. ಯಾರಿಗೂ ಏನೂ ಆಗಲಿಲ್ಲ. ಆ ವಿಡಿಯೋ ಬಹಳ ಜನ ನೋಡಿದರು, ಮೆಚ್ಚಿದರು. ಮುಮಾನಿ ಮಾತ್ರ ಇವತ್ತಿನವರೆಗೂ ನೋಡಿಲ್ಲ.

ಹಾಗಾಗಿ ನಾವು ಎಚ್.ಡಿ. ಕೋಟೆಯ ದಾರಿ ಹಿಡಿದೆವು. ಬಿಸಿಲು ಏರಿತು, ಹುಲ್ಲಿನಿಂದ ಆವಿ ಏಳತೊಡಗಿತು. ಎರಡು ಕಡೆ ನಿಲ್ಲಿಸಿ ಹಗ್ಗ ಬಿಗಿದರು. ಕೋಟೆ ದಾಟಿ ಅಂತರಸಂತೆಯ ಆಚೆಗೆ ಕಾಕನಕೋಟೆಯ ಕಾಡು. ದಮ್ಮನಕಟ್ಟೆಯಲ್ಲಿ ಗೇಟು. ನಾಗರಹೊಳೆಯ ಈ ದಾರಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಬಂಡೀಪುರದಲ್ಲಿ 2009ರಿಂದ ರಾತ್ರಿ 9ಕ್ಕೆ ಮುಚ್ಚುವ ಗೇಟಿನ ಬಗ್ಗೆ ಎರಡು ರಾಜ್ಯಗಳ ನಡುವೆ ಎಷ್ಟು ಜಗಳ ನಡೆದಿದೆಯೆಂದು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಲಾರಿಯವರೆಲ್ಲ ಇದನ್ನು ವಿರೋಧಿಸುತ್ತಾರೆಂದು ನಾನು ತಿಳಿದಿದ್ದೆ. ಮಾಮು, "ಮುಚ್ಚಲಿ. ಕತ್ತಲಲ್ಲಿ ಆನೆಮರಿಗೆ ಗುದ್ದಿದವರನ್ನು ನೋಡಿದೀನಿ. ಆಮೇಲೆ ಅವನೂ ಉಳೀಲಿಲ್ಲ" ಎಂದರು. ಅವರ ದೂರು ಗೇಟಿನ ಮೇಲಲ್ಲ. ಗೇಟು ತಪ್ಪಿದವನಿಗೆ ಈಚೆ ಕಡೆ ಒಂದು ಶೆಡ್ಡಿಲ್ಲ, ಶೌಚಾಲಯವಿಲ್ಲ, ಬಿಸಿನೀರಿಲ್ಲ ಎಂಬುದರ ಮೇಲೆ.

ಒಮ್ಮೆ ಅವರಿಗೇ ತಪ್ಪಿತ್ತು. ತುಂಬಿಸುವುದು ತಡವಾಗಿ, ಹತ್ತು ನಿಮಿಷದಲ್ಲಿ ಗೇಟು ಹೋಯಿತು. ಹುಲ್ಲಿನ ಲಾರಿಯ ಹತ್ತಿರ ಬೆಂಕಿ ಹಾಕಿಕೊಂಡು ಮೈ ಕಾಯಿಸುವಂತಿಲ್ಲ. ಬೀಡಿ ಕೂಡ ದೂರ ಹೋಗಿ ಸೇದಬೇಕು. ಕಾಡಂಚಿನಲ್ಲಿ ದೂರ ಹೋಗುವುದೆಲ್ಲಿಗೆ? ಸತ್ಯಮಂಗಲದ ಕಾಡಿನಲ್ಲಿ ಆನೆಗಳು ಕಬ್ಬಿನ ಲಾರಿಯನ್ನು ನಿಲ್ಲಿಸಿ ಜಲ್ಲೆ ಎಳೆದುಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಹುಲ್ಲಿಗೂ ಬಂದರೆ? ಕ್ಲೀನರ್ ಹುಡುಗನೂ ಮಾಮುವೂ ಒಂದೇ ಕಂಬಳಿಯಲ್ಲಿ ಕ್ಯಾಬಿನ್ನಿನ ಬಾಗಿಲು ಹಗ್ಗದಿಂದ ಕಟ್ಟಿಕೊಂಡು ಬೆಳಗು ಮಾಡಿದರು. ಆ ರಾತ್ರಿ ಮಾಮುವಿನ ಫೋನು ಸಿಗಲಿಲ್ಲ. ಮುಮಾನಿ ಹುಣಸೂರಿನ ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತು ಬೆಳಗಾಗುವವರೆಗೆ ಕೆಂಪು ಬಟ್ಟೆ ಹೊಲಿದರಂತೆ. "ಎಷ್ಟು ಹೊಲಿದೆ ಅಂತ ಗೊತ್ತಿಲ್ಲ. ಆ ವರ್ಷ ಪೂರ್ತಿ ಮತ್ತೆ ಹೊಲಿಯೋ ಕೆಲಸ ಬೀಳಲಿಲ್ಲ" ಎಂದು ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ.

ನಮಗೆ ಗೇಟಿನಲ್ಲಿ ತೊಂದರೆಯಾಗಲಿಲ್ಲ, ಸಮಯ ಬೇಕಾದಷ್ಟಿತ್ತು. ಬಳ್ಳೆಯ ಆನೆ ಶಿಬಿರದ ಬಳಿ ಒಂದು ಆನೆ ಸರಪಳಿ ಎಳೆದುಕೊಂಡು ನಿಧಾನವಾಗಿ ಹೋಗುತ್ತಿತ್ತು. ಅದನ್ನು ನೋಡಿ ಮಾಮು ಇನ್ನೊಂದು ವಿಷಯ ಹೇಳಿದರು. ದಸರಾ ಬಂದಾಗ ವೀರನಹೊಸಹಳ್ಳಿಯಿಂದ ಆನೆಗಳು ಮೈಸೂರಿಗೆ ಹೋಗುವುದೂ ಲಾರಿಯಲ್ಲೇ. "ನನ್ನ ಹುಲ್ಲು ಒಂದೇ ಕಡೆ ನಿಂತಿರುತ್ತೆ. ಆನೆ ದಾರೀಲಿ ಕಾಲು ಬದಲಾಯಿಸುತ್ತೆ, ಅದರ ಜೊತೆ ಲಾರೀನೂ ಓಲಾಡುತ್ತೆ. ಆ ಡ್ರೈವರುಗಳೇ ಉಸ್ತಾದರು" ಎಂದರು. ಬೇರೆ ಡ್ರೈವರನ್ನು ಅವರು ಹೊಗಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಬಾವಲಿಯ ಸಣ್ಣ ಹೊಳೆ ದಾಟಿದರೆ ಕೇರಳ. ಬೋರ್ಡಿನ ಅಕ್ಷರ ಬದಲಾಗುತ್ತದೆ, ಕಾಡು ಬದಲಾಗುವುದಿಲ್ಲ. ಮಾನಂದವಾಡಿಯ ಹೊರವಲಯದ ಒಂದು ಮನೆಯ ಮುಂದೆ ಲಾರಿ ನಿಂತಾಗ ಮಧ್ಯಾಹ್ನ ಮೀರಿತ್ತು. ಕೊಳ್ಳುವಾಕೆ ನಮ್ಮ ವಯಸ್ಸಿನ ಹೆಂಗಸು, ತಲೆಗೆ ತಟ್ಟ ಕಟ್ಟಿಕೊಂಡಿದ್ದರು. ಒಂದು ಕಂತೆ ಎಳೆದು ಮೂಸಿದರು, ಒಳಗೆ ಕೈ ತೂರಿಸಿ ತೇವ ನೋಡಿದರು. ಮಾಮು ಮಲಯಾಳದಲ್ಲಿ ಏನೋ ಹೇಳಿದರು. ಮೇಲಿನ ಸಾಲು ಮಾತ್ರ ಹಸಿಯೆಂದು ಹೇಳಿರಬೇಕು. ಆಕೆ ಆ ಸಾಲನ್ನು ಬಿಸಿಲಿಗೆ ಹರಡಿಸಿ, ಅದರ ಲೆಕ್ಕದಲ್ಲಿ ಒಂದಿಷ್ಟು ಮುರಿದುಕೊಂಡೇ ದುಡ್ಡು ಕೊಟ್ಟರು. ಕೊಟ್ಟಿಗೆಯಲ್ಲಿ ಮೂರು ಹಸು ಆಗಲೇ ಕುತ್ತಿಗೆ ಚಾಚಿ ಕೂಗುತ್ತಿದ್ದವು.

ಇಳಿಸಿ ಮುಗಿಯುವ ಹೊತ್ತಿಗೆ ನಮ್ಮ ಲಾರಿ ತೀರಾ ಚಿಕ್ಕದಾಗಿ, ಬೆತ್ತಲೆಯಾಗಿ ಕಂಡಿತು. ಹಿಂದಿನ ಕೆಂಪು ದೀಪಗಳು ಎರಡೂ ಚೆನ್ನಾಗಿ ಉರಿಯುತ್ತಿದ್ದವು. ಮುಮಾನಿ ಉಳಿದಿದ್ದ ಮೂರು ಕೆಂಪು ಬಟ್ಟೆಗಳನ್ನು ಬಿಚ್ಚಿ, ಅಂಟಿದ್ದ ಹುಲ್ಲು ಕೊಡವಿ, ಮಡಚಿ ಚೀಲಕ್ಕೆ ಹಾಕಿದರು. ನಾಲ್ಕನೆಯದನ್ನು ಹುಡುಕಲು ಕೈ ಹಾಕಿ, ನೆನಪಾಗಿ ಸುಮ್ಮನಾದರು. ಆಮೇಲೆ ತಂಗಿಯ ಮಗುವಿಗೆ ತಂದಿದ್ದ ಟೋಪಿಯನ್ನು ತೆಗೆದುಕೊಂಡು, "ನಡಿ, ಕತ್ತಲಾಗುವುದರೊಳಗೆ ಮಗು ನೋಡೋಣ" ಎಂದರು.